ದೊಡ್ಡ ಮಂದಿ ಎದುರಿಗೆ ಸಿಕ್ರ ಹ್ಯಾಂಗ ಮಾತಾಡ್ಸಬೇಕು

ಹೋದ ತಿಂಗಳ ಹುಬ್ಬಳ್ಳಿ ವಿದ್ಯಾನಗರದ ಕಡೆ ಒಂದು ಖಾನಾವಳಿಯೊಳಗ ಊಟಕ್ಕ ಕುಂತಿದ್ದೆ, ಬಾಜೂ ಟೇಬಲ್ಲಿಗೆ ಎಲ್ಲಾರೂ ಸಿನಿಮಾದಾಗ ನೋಡಿರೋ ಒಬ್ಬ ನಟರು ಬಂದು ಕುಂತ್ರು, ಜೋಡಿ ಡ್ರೈವರ್ ಒಬ್ಬಾಂವ ಬಿಟ್ರ ಯಾರೂ ಇಲ್ಲ. ರೊಟ್ಟಿ ಮುರದು ಎಣ್ಣಿಗಾಯಿಯೊಳಗ ಅದ್ದಿ ಬಾಯಿಗೆ ಇಡೂದ್ರಾಗ ಹಿಂದಿನಿಂದ ಒಬ್ಬ ಹುಡುಗ ಬಂದು ಹೆಗಲ ಮ್ಯಾಲೆ ಕೈ ಹಾಕಿ "ಅಣ್ಣಾ, ಒಂದ್ ಸೆಲ್ಫಿ" ಅಂದ. ಅವ್ರ ಕೈಯಾಗೂ ತುತ್ತು ಬಾಯಾಗೂ ತುತ್ತು. ಹಂಗ ನಕ್ರು ಪಾಪ. ಅದನ್ನ ನೋಡಿ ಇನ್ನೊಬ್ಬ ಎದ್ದ, ಆಮ್ಯಾಲೆ ಒಂದು ಫ್ಯಾಮಿಲಿ ಬಂತು, ಆಮ್ಯಾಲೆ ಒಳಗಿಂದ ರೊಟ್ಟಿ ಬಡಿಯೋ ಅಕ್ಕಾರೂ ಬಂದ್ರು. ಹತ್ತು ನಿಮಿಷದಾಗ ಅವ್ರು ಅರ್ಧಾ ರೊಟ್ಟಿ ತಾಟಿನ್ಯಾಗ ಬಿಟ್ಟು ಕೈ ತೊಳಕೊಂಡು ಹೋದ್ರು. ನಮ್ಮೂರಿಗೆ ಬಂದ ಮನಷ್ಯಾ ಅರ್ಧಾ ಹೊಟ್ಟಿಲೆ ಎದ್ದು ಹೋದ್ರು ಅನ್ನೋದು ನಂಗ ಎರಡ ದಿನ ಕಾಡಿತು, ಅದಕ್ಕ ಇದನ್ನ ಬರಿಯಾಕ ಕುಂತೀನಿ.

ನಾನು ಧಾರವಾಡದಾಗ ಸಂಗೀತದ ಕಾರ್ಯಕ್ರಮ ಇರ್ಲಿ ಪುಸ್ತಕದ ಕಾರ್ಯಕ್ರಮ ಇರ್ಲಿ ವಾಲಂಟಿಯರ್ ಆಗಿ ಓಡ್ಯಾಡ್ತೀನಿ, ಗ್ರೀನ್ ರೂಮಿನ ಬಾಗಲದಾಗ ನಿಂತು ನಿಂತು ಹದಿನೆಂಟು ವರ್ಷ ಆತು, ಹೊರಗ ನಿಂತ ಮಂದೀದ ಆಸೇನೂ ನೋಡೀನಿ, ಒಳಗ ಕುಂತವ್ರ ದಣಿವೂ ನೋಡೀನಿ. ಎರಡೂ ಖರೇನ. ನಮಗ ಇಷ್ಟ ಆದವ್ರು ಕಣ್ಣೆದುರಿಗೆ ಬಂದ್ರ ಮಾತಾಡಸಬೇಕು ಅನ್ಸೂದು ತಪ್ಪಲ್ಲ, ಅವ್ರಿಗೂ ಅದು ಬೇಕಾಗಿರ್ತೈತಿ. ಆದ್ರ ಹ್ಯಾಂಗ ಹೋಗ್ಬೇಕು, ಯಾವಾಗ ಹೋಗ್ಬೇಕು, ಮುಖ್ಯ ಅಂದ್ರ ಯಾವಾಗ ಹೊಳ್ಳಿ ಬರಬೇಕು ಅನ್ನೋದನ್ನ ಯಾರೂ ನಮಗ ಕಲಿಸಿಲ್ಲ.

ಹಂಗಂತ ನಮ್ಮೂರಿಗೆ ದೊಡ್ಡ ಮಂದಿ ಹೊಸಬ್ರಲ್ರಿ. ಬೇಂದ್ರೆಯವ್ರು ಸಾಧನಕೇರಿಯೊಳಗ ಇದ್ದವ್ರು, ಮಲ್ಲಿಕಾರ್ಜುನ ಮನ್ಸೂರ ಅವ್ರ "ಮೃತ್ಯುಂಜಯ" ಮನಿ ಧಾರವಾಡದಾಗ ಐತಿ, ಗಂಗೂಬಾಯಿ ಹಾನಗಲ್ ಅವ್ರು 2009ರಾಗ ತೀರ್ಕೊಳ್ಳೂತನಕ ಹುಬ್ಬಳ್ಳಿಯವ್ರಾಗೇ ಇದ್ರು. ನಮ್ಮ ಅಜ್ಜ ಹೇಳ್ತಿದ್ದ, ಅಂಥವ್ರು ದಾರ್ಯಾಗ ಕಂಡ್ರ ಸೈಕಲ್ ಇಳದು, ನಮಸ್ಕಾರ ಮಾಡಿ, ಅವ್ರು ನಾಕ ಹೆಜ್ಜಿ ಮುಂದ ಹೋದ ಮ್ಯಾಲೆ ಹೊಳ್ಳಿ ಸೈಕಲ್ ಹತ್ತೂದು ಅಂತ. ಅಷ್ಟ. ಮಾತು ಬೇಕಂದ್ರ ಅವ್ರ ನಿಂತು ಆಡ್ತಿದ್ರಂತ. ಈಗ ಕೈಯಾಗ ಫೋನ್ ಬಂದೈತಿ, ಫೋಟೋ ಇಲ್ಲಂದ್ರ ಭೇಟಿನ ಆಗಿಲ್ಲ ಅನ್ನೂ ಹಂಗ ಆಗೈತಿ, ಅದರ ಸಲುವಾಗಿ ಆ ಅಜ್ಜಂದ್ರ ರೀತಿಗೆ ಒಂದೆರಡು ಮಾತು ಸೇರಸಬೇಕಾಗ್ತೈತಿ.

ಮೊದಲು ನೋಡ್ಬೇಕಾದ್ದು ಅವ್ರು ಏನ್ ಮಾಡಾಕತ್ತಾರ ಅನ್ನೋದನ್ನ. ಉಣ್ಣಾಕತ್ತಾರ? ಹೋಗಬ್ಯಾಡ್ರಿ. ನಮ್ಮ ಕಡೆ ಊಟ ಅಂದ್ರ ಕೈಲೆ ಉಣ್ಣೂದು, ಬಲಗೈ ಎಂಜಲಾಗಿರ್ತೈತಿ, ಕೈ ಕುಲುಕಾಕ ಬರೂದಿಲ್ಲ, ಎದ್ದು ನಿಲ್ಲಾಕ ಬರೂದಿಲ್ಲ, ಬಾಯಾಗ ತುತ್ತು ಇಟ್ಕೊಂಡು ಮಾತಾಡಾಕೂ ಬರೂದಿಲ್ಲ. ಕೈ ತೊಳದು ಬಂದು ಚಾ ಕುಡಿಯೂ ಮುಂದ ಅಥವಾ ಬಿಲ್ ಕೊಟ್ಟು ಬಾಗಲದ ಕಡೆ ಹೊಂಟಾಗ ಕೇಳ್ರಿ, ಅಷ್ಟೊತ್ತು ಕಾಯಾಕ ಟೈಮ್ ಇಲ್ಲಂದ್ರ ಆ ಫೋಟೋನ ಅಷ್ಟು ಮುಖ್ಯ ಅಲ್ಲ ಅಂತ ತಿಳೀರಿ. ಫೋನಿನ್ಯಾಗ ಮಾತಾಡಾಕತ್ತಿದ್ರ, ಮಕ್ಕಳಿಗೆ ಉಣಸಾಕತ್ತಿದ್ರ, ಯಾರ ಜೋಡಿಯರ ಗಂಭೀರ ಮಾತಿನ್ಯಾಗ ಇದ್ರ, ಕಣ್ಣು ಮುಚ್ಕೊಂಡು ಕುಂತಿದ್ರ ಬಿಟ್ಟುಬಿಡ್ರಿ. ದವಾಖಾನಿ, ಮಣ್ಣು ಮಾಡೂ ಜಾಗ, ಸತ್ತ ಮನಿ, ಸಂಡಾಸದ ಬಾಗಲ, ಇಲ್ಲೆಲ್ಲಾ ಗುರುತು ಹಿಡದ್ರೂ ಹಿಡೀಲಾರದಂಗ ಇರ್ರಿ. ಸಿದ್ಧಾರೂಢ ಮಠದಾಗ ಗದ್ದುಗಿ ಮುಂದ ಕೈ ಮುಗದು ನಿಂತವ್ರ ಹಿಂದ ಮೊಬೈಲ್ ಎತ್ತಿ ನಿಂತವ್ರನ್ನ ನೋಡೀನಿ, ಅದು ನೋಡಾಕ ಭಾಳ ಕೆಟ್ಟ ಅನ್ಸ್ತೈತಿ, ಅಲ್ಲಿ ಅವ್ರೂ ಒಬ್ಬ ಭಕ್ತರ ಅಷ್ಟ.

ಈಗ ಅವ್ರು ಖಾಲಿ ಅದಾರ ಅಂತ ಅನ್ಸ್ತು ಅಂತ ಇಟ್ಕೋರಿ. ಹಿಂದಿನಿಂದ ಹೋಗಬ್ಯಾಡ್ರಿ, ಅವ್ರ ಕಣ್ಣಿಗೆ ಬೀಳೂ ಹಂಗ ಎದುರಿಂದ ಹೋಗ್ರಿ, ಎರಡು ಹೆಜ್ಜಿ ದೂರ ನಿಲ್ರಿ, ನಮಸ್ಕಾರ ಅನ್ರಿ. ಅವ್ರು ಮುಖಾ ಎತ್ತಿ ನೋಡಿ ನಕ್ರ ಮುಂದಿನ ಮಾತು, ತಲಿ ಅಲ್ಲಾಡಿಸಿ ಹೊಳ್ಳಿ ತಮ್ಮ ಕೆಲಸಕ್ಕ ಹತ್ತಿದ್ರ ಅಲ್ಲಿಗೆ ಮುಗೀತು, ನಮಸ್ಕಾರ ಮುಟ್ಟಿತು. ಕರಿಯೂದು ಹ್ಯಾಂಗ ಅಂತ ಭಾಳ ಮಂದಿಗೆ ಗೊಂದಲ. ಅಭಿಮಾನಿಗಳ ನಡುವ "ಬಾಸ್", "ಗುರು" ಅಂತ ನಡೀತೈತಿ, ಎದುರಿಗೆ ಹೋದಾಗ ನಮ್ಮ "ರೀ" ಸಾಕು, "ನಮಸ್ಕಾರ್ರಿ ಸರ್", "ಏನ್ರಿ ಮೇಡಂ ಆರಾಮ ಅದೀರಿ?" ವಯಸ್ಸಾದ ಹೆಣ್ಣುಮಕ್ಕಳಿಗೆ "ಅಮ್ಮಾರ" ಅಂದ್ರೂ ನಡೀತೈತಿ. ಸಿನಿಮಾದ ಪಾತ್ರದ ಹೆಸರು ಹಿಡದು, ಸೀರಿಯಲ್ಲಿನ ಹೆಸರು ಹಿಡದು ದೂರಿಂದ ಕೂಗಬ್ಯಾಡ್ರಿ. ಸೀರಿಯಲ್ಲಿನ್ಯಾಗ ಕೆಟ್ಟ ಅತ್ತಿ ಪಾರ್ಟ್ ಮಾಡೋ ಒಬ್ಬ ಮೇಡಂನ್ನ ದುರ್ಗದಬೈಲಿನ್ಯಾಗ ಒಬ್ಬಾಕಿ "ಆ ಹುಡುಗೀಗೆ ಯಾಕ ಹಂಗ ಕಾಡ್ತಿ" ಅಂತ ಖರೇನ ಬೈದಳು, ಅವ್ರು ನಕ್ಕೊಂತ ಹೋದ್ರು ಖರೆ, ಆದ್ರ ಮುಖದ ಬಣ್ಣ ಇಳದಿದ್ದು ಕಾಣ್ತಿತ್ತು.

ಮಾತು ಒಂದ ಇರ್ಲಿ, ಆದ್ರ ಅದು ನಿಮ್ಮದ ಆಗಿರ್ಲಿ. "ನಾನು ನಿಮ್ಮ ದೊಡ್ಡ ಫ್ಯಾನ್" ಅನ್ನೂ ಮಾತನ್ನ ಅವ್ರು ದಿನಾ ಕೇಳ್ತಾರ, ಕಿವಿಗೆ ಬೀಳೂದೂ ಇಲ್ಲ. ಉದಾಹರಣೆಗೆ ಗದಗಿನ ಸುನಿಲ್ ಜೋಶಿ ಅವ್ರು ಎಲ್ಲಿಯರ ಸಿಕ್ರು ಅಂತ ಇಟ್ಕೋರಿ, "ಸರ್, 1999ರಾಗ ನೈರೋಬಿಯೊಳಗ ಸೌತ್ ಆಫ್ರಿಕಾ ವಿರುದ್ಧ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತಗೊಂಡ್ರೆಲ್ಲ, ನಮ್ಮಪ್ಪ ಇನ್ನೂ ಅದನ್ನ ಹೇಳ್ತಾನ್ರಿ" ಅಂದ್ರ ಅದು ಮಾತು. ಹಾಡೋರು ಸಿಕ್ರ ಯಾವ ಊರಿನ ಯಾವ ಕಾರ್ಯಕ್ರಮದಾಗ ಯಾವ ರಾಗ ಕೇಳಿದ್ರಿ ಅನ್ನೋದನ್ನ ಹೇಳ್ರಿ, ರಾಗ ಗೊತ್ತಾಗಿಲ್ಲಂದ್ರ "ಅವತ್ತ ಕಡೀಕ ಹಾಡಿದ ವಚನ ಕೇಳಿ ಮನಿಗೆ ಹೋಗೂ ಮನಸ್ಸ ಆಗ್ಲಿಲ್ರಿ" ಅಂತ ಇದ್ದದ್ದನ್ನ ಇದ್ದಂಗ ಹೇಳ್ರಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೇಳಾಕ ಹೋಗಬ್ಯಾಡ್ರಿ. ಮತ್ತ "ಟೀವ್ಯಾಗ ದಪ್ಪ ಕಾಣ್ತೀರಿ", "ಎದುರಿಗೆ ಕರ್ರಗ ಅದೀರಿ", "ಈಗ ಪಿಚ್ಚರ್ ಓಡ್ತಿಲ್ಲೇನ್ರಿ", "ಮದಿವಿ ಯಾವಾಗ" ಇವೆಲ್ಲ ನಮ್ಮ ಮಂದಿ ಸಲಿಗಿಲೆ ಕೇಳ್ತಾರ, ಮನ್ಯಾಗ ಬಂದ ಬೀಗರಿಗೆ ಹಂಗ ಕೇಳ್ತೀವೇನು? ನಂಬರ್ ಕೇಳೂದು, ಮಗನಿಗೆ ಸಿನಿಮಾದಾಗ ಚಾನ್ಸ್ ಕೇಳೂದು, ಮ್ಯಾಚಿನ ಪಾಸ್ ಕೇಳೂದು ಅಂತೂ ಬ್ಯಾಡೇ ಬ್ಯಾಡ.

ಫೋಟೋದ ಮಾತಿಗೆ ಬರ್ತೀನಿ, ಜಗಳ ಹುಟ್ಟೂದು ಇಲ್ಲೇ. ಕೇಳೂಕಿಂತ ಮೊದಲ ಫೋನ್ ಲಾಕ್ ತಗದು ಕ್ಯಾಮೆರಾ ಆನ್ ಮಾಡಿ ಇಟ್ಕೋರಿ, ಭಾಳ ಮಂದಿ ಹೂಂ ಅಂದ ಮ್ಯಾಲೆ ಪಾಸ್‌ವರ್ಡ್ ಹೊಡೀಲಿಕ್ಕೆ ಶುರು ಮಾಡ್ತಾರ, ಆಮ್ಯಾಲೆ ಸ್ಟೋರೇಜ್ ಫುಲ್ ಅಂತ ಬರ್ತೈತಿ, ಅಲ್ಲೇ ನಿಂತು ಹಳೇ ವಿಡಿಯೋ ಡಿಲೀಟ್ ಮಾಡ್ತಾರ, ಅವ್ರು ಹಲ್ಲು ಕಿಸದು ನಿಂತs ಇರ್ತಾರ. "ಒಂದ್ ಫೋಟೋ ತಗೋಬಹುದೇನ್ರಿ?" ಅಂತ ಕೇಳ್ರಿ, ಉತ್ತರ ಬರೂತನಕ ಫೋನ್ ಎತ್ತಬ್ಯಾಡ್ರಿ. ಒಂದ ಅಂದ್ರ ಒಂದ. ಸೆಲ್ಫಿಕಿಂತ ಬಾಜೂದವ್ರ ಕೈಯಾಗ ಫೋನ್ ಕೊಟ್ಟು ತಗಸೂದು ಛಲೋ, ಯಾಕಂದ್ರ ಸೆಲ್ಫಿಗೆ ಮುಖಕ್ಕ ಮುಖ ಹಚ್ಚಿ ನಿಲ್ಲಬೇಕಾಗ್ತೈತಿ, ಅದು ಅವ್ರಿಗೆ ಬೇಕಾಗಿರೂದಿಲ್ಲ. ಹೆಗಲಿಗೆ ಕೈ, ಸೊಂಟಕ್ಕ ಕೈ ಬ್ಯಾಡ, ಹೆಣ್ಣುಮಕ್ಕಳ ಬಾಜೂ ನಿಲ್ಲೂ ಮುಂದ ಒಂದು ಗೇಣಿಗಿಂತ ಹೆಚ್ಚ ಜಾಗ ಬಿಟ್ಟು, ನಿಮ್ಮ ಕೈ ನಿಮ್ಮ ಮುಂದ ಕಟ್ಕೊಂಡು ನಿಲ್ರಿ. ನಾಕ ಗೆಳ್ಯಾರು ಅದೀರಿ ಅಂದ್ರ ನಾಕೂ ಮಂದಿ ಕೂಡಿ ಒಂದ ಫೋಟೋ, ಒಬ್ಬೊಬ್ಬರದೊಂದು ಬ್ಯಾಡ. ಮತ್ತ ದೂರ ಕುಂತು ಕದ್ದು ವಿಡಿಯೋ ಮಾಡೂದು ಕೇಳಿ ತಗೊಂಡ ಫೋಟೋಕಿಂತ ನೂರು ಪಾಲು ಕೆಟ್ಟದ್ದು, ಅವ್ರಿಗೆ ಅದು ಗೊತ್ತಾಗ್ತೈತ್ರಿ, ಗೊತ್ತಾಗಿಲ್ಲದಂಗ ಕುಂತಿರ್ತಾರ ಅಷ್ಟ. ಅವ್ರ ಮಕ್ಕಳ ಫೋಟೋ ಯಾವ ಕಾರಣಕ್ಕೂ ತಗೀಬಾರ್ದು.

ಬ್ಯಾಡ ಅಂದ್ರ? "ಆತ್ರಿ ಸರ್, ತ್ರಾಸ ಇಲ್ಲ, ಆರಾಮ ಹೋಗಿ ಬರ್ರಿ" ಅಂತ ನಕ್ಕು ಹಿಂದ ಸರೀರಿ. ಸೊಕ್ಕು ಅನ್ಬ್ಯಾಡ್ರಿ. ಅವತ್ತ ಅವ್ರಿಗೆ ಜ್ವರ ಇರಬಹುದು, ಮನ್ಯಾಗ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದಿರಬಹುದು, ನಮಗಿಂತ ಮುಂಚೆ ಐವತ್ತು ಮಂದಿಗೆ ನಿಂತು ಕೊಟ್ಟಿರಬಹುದು. ಬ್ಯಾಡ ಅಂದದ್ದನ್ನ ವಿಡಿಯೋ ಮಾಡಿ "ಅಭಿಮಾನಿಗೆ ಅವಮಾನ" ಅಂತ ಹಾಕೂದು ಐತೆಲ್ಲ, ಅದು ಖರೆ ಹೇಳ್ಬೇಕಂದ್ರ ಮೋಸ.

ಸಂಗೀತದವ್ರ ವಿಷಯ ಜರಾ ಬ್ಯಾರೆ, ನಂಗ ಗೊತ್ತಿರೂದೂ ಇದ ಹೆಚ್ಚು. ಕಾರ್ಯಕ್ರಮಕ್ಕಿಂತ ಮುಂಚೆ ತಂಬೂರಿ ಶ್ರುತಿ ಮಾಡೂ ಮುಂದ ಯಾರೂ ಒಳಗ ಹೋಗಬಾರ್ದು, ಆವಾಗ ಅವ್ರ ಕಿವಿ ಪೂರಾ ತಂತಿ ಮ್ಯಾಲೆ ಇರ್ತೈತಿ, ನಾವು ಒಂದು ಮಾತು ಆಡಿದ್ರ ಮತ್ತ ಮೊದಲಿಂದ ಶುರು ಮಾಡ್ಬೇಕಾಗ್ತೈತಿ. ವಾದ್ಯ ಮುಟ್ಟಬ್ಯಾಡ್ರಿ, ತಬಲಾದ ಮ್ಯಾಲೆ ಬೆರಳಾಡಸಬ್ಯಾಡ್ರಿ. ಹಾಡೋವ್ರಿಗೆ ಗಂಟಲದ ಕಾಳಜಿ ಇರ್ತೈತಿ, ತಣ್ಣಂದು ಕುಡೀರಿ, ಫೇಡೆ ತಿನ್ರಿ ಅಂತ ಹಾಡೂಕಿಂತ ಮುಂಚೆ ಒತ್ತಾಯ ಮಾಡಬ್ಯಾಡ್ರಿ, ಪ್ರೀತಿಲೆ ತಂದಿದ್ರ ಡಬ್ಬಿ ಸಂಘಟಕರ ಕೈಯಾಗ ಕೊಡ್ರಿ, ಮನಿಗೆ ಒಯ್ತಾರ. ಕಾರ್ಯಕ್ರಮ ಮುಗದ ಮ್ಯಾಲೆ ಐದು ನಿಮಿಷ ಬಿಟ್ಟು ಹೋಗ್ರಿ, ಎರಡು ತಾಸು ಕಾಲು ಮಡಚಿ ಕುಂತವ್ರು ಮೊದಲು ನೀರು ಕುಡೀಬೇಕು, ಕಾಲು ಚಾಚಬೇಕು. ನಮಸ್ಕಾರ ಮಾಡಾಕ ಕಾಲು ಮುಟ್ಟೂ ಪದ್ಧತಿ ಐತಿ, ಮುಟ್ರಿ, ಆದ್ರ ಅವ್ರು ಹೊಂಟಾಗ ಅಡ್ಡ ಬಿದ್ದು ಮುಟ್ಟಬ್ಯಾಡ್ರಿ, ವಯಸ್ಸಾದವ್ರು ಮುಗ್ಗರಸ್ತಾರ. ಮತ್ತ ಸಾಥಿಗೆ ಕುಂತವ್ರಿಗೂ ಒಂದು ನಮಸ್ಕಾರ ಹೇಳ್ರಿ, ತಬಲಾದವ್ರು ಹಾರ್ಮೋನಿಯಂದವ್ರು ಬಾಜೂಕ ನಿಂತಿರ್ತಾರ, ಅವ್ರನ್ನ ಸರಿಸಿ ಫೋಟೋ ತಗೊಂಡು ಹೋಗ್ತಾರ ಮಂದಿ, ಇದು ನಂಗ ಪ್ರತಿ ಸಲ ನೋವು ಕೊಡ್ತೈತಿ.

ಇಲ್ಲೊಂದು ತಪ್ಪು ನಂದೂ ಐತಿ, ಹೇಳ್ತೀನಿ. ಕಾಲೇಜಿನ್ಯಾಗ ಇದ್ದಾಗ ಒಬ್ಬ ಹಿರಿಯ ಗವಾಯಿಗಳು ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಬೆಂಚಿನ ಮ್ಯಾಲೆ ಕುಂತಿದ್ರು, ನಾನು ಓಡಿ ಹೋಗಿ ಬಾಜೂ ಕುಂತು ಮುಕ್ಕಾಲು ತಾಸು ಮಾತಾಡ್ದೆ, ಕಡೀಕ "ಎರಡು ಸಾಲು ಹಾಡ್ರಿ" ಅಂತಾನೂ ಅಂದೆ. ಅವ್ರು ಒಂದೂ ಕಟು ಮಾತು ಆಡ್ಲಿಲ್ಲ. ಗಾಡಿ ಬಂತು, ಎದ್ದ್ರು, ಎಳ್ಳಷ್ಟೂ ಸಿಟ್ಟಿಲ್ಲದ ದನಿಯೊಳಗ "ತಮ್ಮಾ, ಔಷಧ ತಗೊಂಡು ಜರಾ ಅಡ್ಡಾಗ್ಬೇಕಂತ ಕುಂತಿದ್ದೆ" ಅಂದ್ರು. ಆ ಮುಕ್ಕಾಲು ತಾಸು ನಂಗ ಈಗೂ ನೆನಪಾಗ್ತೈತಿ. ಅದಕ್ಕ ಈಗ ನಾನು ಯಾರನ್ನ ಮಾತಾಡ್ಸಿದ್ರೂ ಅರ್ಧಾ ನಿಮಿಷದಾಗ ನಾನ ಮೊದಲು "ಬರ್ತೀನ್ರಿ" ಅಂತೀನಿ. ಅವ್ರ ಬಾಯಿಂದ ಆ ಮಾತು ಬರೂದಿಲ್ಲ, ನಮ್ಮ ಕಡೆ ಮಂದಿಗೆ ಹೋಗು ಅನ್ನಾಕ ಬರೂದಿಲ್ಲ, ನಾವ ಹೇಳ್ಬೇಕು. ಇನ್ನೂ ಮಾತಾಡೂ ಮನಸ್ಸು ಅವ್ರಿಗೆ ಇತ್ತಂದ್ರ "ಕುಂದರ್ರಿ, ಎಲ್ಲಾತು ನಿಮ್ಮೂರು?" ಅಂತ ಅವ್ರ ಕೇಳ್ತಾರ. ಹಂಗ ಕೇಳಿದವ್ರು ಭಾಳ ಮಂದಿ ಅದಾರ, ಅದರಂಥಾ ಖುಷಿ ಇನ್ನೊಂದಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಲುವಾಗಿ ನಮ್ಮ ಭಾಗದಾಗ ಕಣ್ಣು ಕಾಣದ ಕಲಾವಿದರು ಭಾಳ ಮಂದಿ ಅದಾರ. ಪಂಚಾಕ್ಷರಿ ಗವಾಯಿಗಳು, 2010ರಾಗ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವ್ರ, ಅವ್ರ ಕೈಯಾಗ ಕಲ್ತ ಶಿಷ್ಯರು ಊರೂರಾಗ ಹಾಡ್ತಾರ. ಇಂಥಾ ಕಲಾವಿದರ ಹತ್ರ ಹೋದಾಗ ಮೊದಲು ದನಿ ಕೊಡ್ರಿ, "ನಮಸ್ಕಾರ್ರಿ, ನಾನು ಮುಳಗುಂದದಿಂದ ಬಂದೀನ್ರಿ, ನಿಮ್ಮ ಹಾಡು ಕೇಳಿದೆ" ಅಂತ ಊರು ಹೆಸರು ಹೇಳ್ರಿ. ಸುಮ್ನ ಹೋಗಿ ಕೈ ಹಿಡೀಬ್ಯಾಡ್ರಿ, ಬೆಚ್ಚಿ ಬೀಳ್ತಾರ. "ನಾ ಯಾರ ಹೇಳ್ರಿ ನೋಡೂಣು" ಅನ್ನೂ ಆಟ ಭಾಳ ಮಂದಿ ಆಡ್ತಾರ, ಅದನ್ನ ದಯಮಾಡಿ ಬಿಡ್ರಿ. ಫೋಟೋ ತಗೊಳ್ಳೂ ಮುಂದ ಅವ್ರಿಗೆ ಹೇಳಿ ತಗೋರಿ, ಕಾಣೂದಿಲ್ಲ ಅಂತ ಕೇಳದ ತಗೀಬಾರ್ದು. ಜೋಡಿ ಬಂದವ್ರ ಮುಖಾ ನೋಡಿ "ಇವ್ರು ಚಾ ಕುಡೀತಾರೇನ್ರಿ" ಅಂತ ಕೇಳಬ್ಯಾಡ್ರಿ, ಅವ್ರನ್ನ ಕೇಳ್ರಿ. ಹೊಂಟಾಗ "ನಾ ಬರ್ತೀನ್ರಿ" ಅಂತ ಹೇಳೇ ಹೋಗ್ರಿ, ಇಲ್ಲಂದ್ರ ಅವ್ರು ಖಾಲಿ ಜಾಗದ ಜೋಡಿ ಮಾತಾಡ್ಕೊಂತ ಕುಂತಿರ್ತಾರ.

ರಾಜನಗರ ಗ್ರೌಂಡಿಗೆ ರಣಜಿ ಮ್ಯಾಚ್ ಬಂದಾಗ ಬೌಂಡರಿ ಹತ್ರ ಫೀಲ್ಡಿಂಗ್ ನಿಂತವ್ರನ್ನ ಜಾಲಿ ಹಿಂದಿನಿಂದ ಕೂಗೂದು ಐತಿ, ಒಂದೆರಡು ಸಲ ಹೊಳ್ಳಿ ನೋಡಿ ಕೈ ಮಾಡ್ತಾರ, ಮೂರನೇ ಸಲಕ್ಕ ಆ ಕಡೆ ಬಾಲ್ ಬಂದಿರ್ತೈತಿ. ಆಟದ ಟೈಮಿನ್ಯಾಗ ಬ್ಯಾಡ. ದಿನದಾಟ ಮುಗದು ಬಸ್ಸಿಗೆ ಹೋಗೂ ಮುಂದ ಸಣ್ಣ ಹುಡುಗ್ರನ್ನ ಮುಂದ ಬಿಡ್ರಿ, ದೊಡ್ಡವ್ರು ಹಿಂದ ನಿಲ್ರಿ.

ಸಾಹಿತಿಗಳ ಹತ್ರ ಹೋಗೂದು ಧಾರವಾಡದಾಗ ಎಲ್ಲಾಕಿಂತ ಸರಳ, ಸಾಹಿತ್ಯ ಸಂಭ್ರಮದಂಥಾ ಕಾರ್ಯಕ್ರಮದಾಗ ಚಾದ ಸಾಲಿನ್ಯಾಗ ನಮ್ಮ ಹಿಂದ ನಿಂತಿರ್ತಾರ. ಸಹಿ ಬೇಕಂದ್ರ ಅವ್ರ ಪುಸ್ತಕ ಒಯ್ರಿ, ಯಾವುದೋ ಕರಪತ್ರದ ಹಿಂದ ಅಥವಾ ಚಾದ ಬಿಲ್ಲಿನ ಮ್ಯಾಲೆ ಹಾಕಸಬ್ಯಾಡ್ರಿ. ನೀವು ಬರದ ಕವಿತೆಯ ಕಟ್ಟು ಅವ್ರ ಕೈಯಾಗ ಇಡಬ್ಯಾಡ್ರಿ, ಬೇಕಾದ್ರ ವಿಳಾಸ ಕೇಳಿ, ಕೊಟ್ರ ಪೋಸ್ಟಿಗೆ ಹಾಕ್ರಿ.

ವಂದೇ ಭಾರತ್ ಗಾಡ್ಯಾಗ ಬಾಜೂ ಸೀಟಿಗೆ ಹೆಸರಾದವ್ರು ಬಂದ್ರ ಅದು ಬ್ಯಾರೆ ಕಥಿ, ಅವ್ರು ಎದ್ದು ಹೋಗಾಕ ಬರೂದಿಲ್ಲ. ಹತ್ತಿದಾಗ ಒಂದು ನಮಸ್ಕಾರ, ಆಮ್ಯಾಲೆ ಅವ್ರು ಮಾತಾಡ್ಸಿದ್ರ ಮಾತು, ಇಲ್ಲಂದ್ರ ನಿಮ್ಮ ಪುಸ್ತಕ ನಿಮ್ಮ ಕಿಡಕಿ. ಫೋಟೋ ಇಳಿಯೂ ಮುಂದ ಕೇಳ್ರಿ, ಹತ್ತೂ ಮುಂದ ಕೇಳಿದ್ರ ಇಡೀ ಬೋಗಿಗೆ ಗೊತ್ತಾಗಿ ದಾರಿ ತುಂಬಾ ಮಂದಿ ಬರ್ತಾರ.

ಮದಿವಿಗೆ ಬಂದ ಸ್ಟಾರ್‌ಗಳ ವಿಷಯದಾಗ ನಾನು ಭಾಳ ಕಡಕ್. ಗೋಕುಲ ರೋಡಿನ ಒಂದು ಕಲ್ಯಾಣ ಮಂಟಪದಾಗ ನೋಡೀನಿ, ಅಕ್ಷತಾ ಬೀಳೂ ಟೈಮಿಗೆ ಇಡೀ ಮಂದಿ ಸ್ಟೇಜಿಗೆ ಬೆನ್ನು ಮಾಡಿ ಬಾಗಲದ ಕಡೆ ಓಡಿದ್ರು, ಮದುಮಗಳ ಕಣ್ಣಾಗ ನೀರು. ಅವ್ರು ಅಲ್ಲಿ ಬೀಗರಂಗ ಬಂದಿರ್ತಾರ, ಆಹೇರಿ ಕೊಟ್ಟು ಉಂಡು ಹೋಗಾಕ. ಕರದವ್ರ ಮನಿಯವ್ರು ಒಬ್ಬರು ಬಾಜೂ ನಿಂತು "ಊಟ ಆದ ಮ್ಯಾಲೆ ಹೊರಗ ಐದು ನಿಮಿಷ ನಿಲ್ತಾರ" ಅಂತ ಮೊದಲ ಹೇಳಿಬಿಟ್ರ ಮಂದಿ ತಡ್ಕೋತಾರ, ಇದನ್ನ ನಾವು ಎರಡು ಮದಿವಿಯೊಳಗ ಮಾಡಿ ನೋಡೀವಿ, ನಡೀತು.

ಈಗ ಬರಿಯಾಕ ಕಷ್ಟ ಆಗೂ ಮಾತು. 2024ರ ಜನವರಿ 8 ನಟ ಯಶ್ ಅವ್ರ ಹುಟ್ಟುಹಬ್ಬ. ಅದಕ್ಕಂತ ರಾತ್ರಿ ಕಟೌಟ್ ನಿಲ್ಲಸಾಕ ಹೋಗಿ, ಗದಗ ಜಿಲ್ಲಾ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯೊಳಗ ಕಬ್ಬಿಣದ ಫ್ರೇಮು ಕರೆಂಟಿನ ತಂತಿಗೆ ತಾಗಿ 3 ಹುಡುಗ್ರು ತೀರ್ಕೊಂಡ್ರು. ಯಶ್ ಅವ್ರು ಅವತ್ತ ಆ ಮನಿಗಳಿಗೆ ಬಂದ್ರು, ಅಭಿಮಾನ ಹಿಂಗ ತೋರಸಬ್ಯಾಡ್ರಿ ಅಂತ ಕೇಳ್ಕೊಂಡ್ರು. ಅವ್ರನ್ನ ನೋಡಾಕ ಸ್ಕೂಟರ್ ಮ್ಯಾಲೆ ಹೊಂಟಿದ್ದ ಇನ್ನೊಬ್ಬ ಹುಡುಗ ಅಪಘಾತದಾಗ ಹೋದ. ನಾಕ ಮನಿ. ಮುಂದಿನ ವರ್ಷ 2025ರ ಜೂನ್ 4ಕ್ಕ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಮುಂದ ನೂಕುನುಗ್ಗಲಿನ್ಯಾಗ 11 ಮಂದಿ ಹೋದ್ರು. ಅದಕ್ಕ ಕೈ ಮುಗದು ಹೇಳ್ತೀನಿ, ಕಾರಿನ ಹಿಂದ ಬೈಕ್ ಹಚ್ಚಬ್ಯಾಡ್ರಿ, ಓಡ್ತಿರೋ ಕಾರಿನ ಕಿಡಕಿಗೆ ಫೋನ್ ಹಿಡೀಬ್ಯಾಡ್ರಿ, ಏರ್‌ಪೋರ್ಟಿಂದ ಹೋಟೆಲ್ ತನಕ ಬೆನ್ನು ಹತ್ತಬ್ಯಾಡ್ರಿ. ಮಂದಿ ಒತ್ತಾಕತ್ತಾರ ಅಂತ ಅನ್ಸಿದ ಕೂಡ್ಲೆ, ಎದಿಗೆ ಒತ್ತು ಬರೂಕಿಂತ ಮೊದಲ, ಅಂಚಿಗೆ ಸರದು ಹೊರಗ ಬರ್ರಿ. ಮಕ್ಕಳನ್ನ ಹೆಗಲ ಮ್ಯಾಲೆ ಹೊತ್ಕೊಂಡು ಅಂಥಾ ಗದ್ದಲಕ್ಕ ಹೋಗೇ ಹೋಗಬ್ಯಾಡ್ರಿ.

ಅಂಗಡಿಯವ್ರು, ಖಾನಾವಳಿಯವ್ರು, ಆಟೋದವ್ರಿಗೆ ಒಂದು ಮಾತು. ನಿಮ್ಮ ಹತ್ರ ಬಂದ್ರಂದ್ರ ಅವ್ರನ್ನ ಮೂಲಿ ಟೇಬಲ್ಲಿಗೆ, ಗ್ವಾಡಿ ಕಡೆ ಮುಖಾ ಮಾಡಿ ಕೂಡಸ್ರಿ, ಉಂಡು ಮುಗೀಲಿ ಅಂತ ಮಂದೀಗೆ ನೀವ ಹೇಳ್ರಿ, ನಿಮ್ಮ ಮಾತು ಕೇಳ್ತಾರ. ರೊಕ್ಕ ಬ್ಯಾಡ ಅನ್ನೂದು ನಮ್ಮ ಪ್ರೀತಿ, ಒಂದ ಸಲ ಅನ್ರಿ, ಅವ್ರು ಕೊಟ್ಟs ಕೊಡ್ತೀನಿ ಅಂದ್ರ ತಗೋರಿ. ಗ್ವಾಡಿಗೆ ಹಾಕಾಕ ಫೋಟೋ ಬೇಕಂದ್ರ ಅಂಗಡ್ಯಾಗ ಹಾಕ್ತೀನಿ ಅಂತ ಹೇಳಿ ಕೇಳ್ರಿ.

ಫೋಟೋ ಸಿಕ್ತು, ಖುಷಿ ಆತು, ಸ್ಟೇಟಸ್ಸಿಗೆ ಹಾಕೂದು ಆಮ್ಯಾಲೆ, ಅವ್ರು ಆ ಜಾಗಾ ಬಿಟ್ಟು ಹೋಗಿ ಒಂದೆರಡು ತಾಸು ಆದ ಮ್ಯಾಲೆ. "ಈಗ ಇಲ್ಲೇ ಅದಾರ, ಲಗೂ ಬರ್ರಿ" ಅಂತ ಗ್ರೂಪಿನ್ಯಾಗ ಹಾಕಿದ್ರ ಆ ಖಾನಾವಳಿಗೆ ಆದದ್ದ ಆಗ್ತೈತಿ. ಯಾವ ಹೋಟೆಲ್, ಯಾವ ರೂಮು, ಯಾವ ಗಾಡಿ ನಂಬರ್ ಅಂತ ಬರೀಬ್ಯಾಡ್ರಿ.

ಹಂಗ ಇನ್ನೊಂದು, ಸಹಿ ಕೇಳಾಕ ಹೋಗೂ ಮುಂದ ಪೆನ್ ನೀವ ಒಯ್ರಿ, ಬರೀತೈತೋ ಇಲ್ಲೋ ಮನ್ಯಾಗ ಒಂದು ಗೀಟು ಎಳದು ನೋಡಿ ಒಯ್ರಿ, ಪುಸ್ತಕದ ಮೊದಲ ಪುಟ ತಗದು ಕೊಡ್ರಿ, ಸಹಿ ಆದ ಮ್ಯಾಲೆ ಮಸಿ ಒಣಗೂತನಕ ಮುಚ್ಚಬ್ಯಾಡ್ರಿ.